ಮನೆಗೆ ಎಷ್ಟು ಮೆಟ್ಟಿಲು ಅಂತ ಮೊದಲೇ ಕೇಳಿ

ಕಾಸರಗೋಡು ಕಡೆಯ ಆಸ್ಪತ್ರೆಯೊಂದರ ಮೂಳೆ ವಾರ್ಡಿನಲ್ಲಿ ನಾನು ನರ್ಸ್. ಮೊಣಕಾಲು, ಸೊಂಟದ ಕೀಲು ಬದಲಿಸಿಕೊಂಡವರನ್ನು ಮನೆಗೆ ಕಳಿಸುವ ತಯಾರಿ ನನ್ನದು. ಈಗೆಲ್ಲ ಆಪರೇಷನ್ ಆದ ದಿನವೋ ಮರುದಿನವೋ ವಾಕರ್ ಹಿಡಿಸಿ ನಡೆಸುತ್ತಾರೆ. ನಾಲ್ಕೈದು ದಿನದಲ್ಲಿ ಡಿಸ್ಚಾರ್ಜ್. ಅಷ್ಟರಲ್ಲಿ ಮನೆ ಸರಿಮಾಡಲು ಯಾರಿಗೆ ಪುರುಸೊತ್ತು? ಹಾಗಾಗಿ ಆಪರೇಷನ್ ತಾರೀಕು ಗೊತ್ತಾದ ದಿನವೇ ಮನೆ ವಿಷಯ ತೆಗೆಯುತ್ತೇನೆ.

"ಮನೆಯಲ್ಲಿ ಅನುಕೂಲ ಉಂಟಾ?" ಅಂತ ಸುಮ್ನೆ ಕೇಳಿ ಪ್ರಯೋಜನ ಇಲ್ಲ. "ಎಲ್ಲ ಉಂಟು ಸಿಸ್ಟರ್" ಅಂತಾರೆ. ಅದಕ್ಕೇ ವೀಡಿಯೊ ಕೇಳುತ್ತೇನೆ. ಕಾರು ನಿಲ್ಲುವಲ್ಲಿಂದ ಮಂಚದವರೆಗೆ, ಮಂಚದಿಂದ ಕಕ್ಕಸಿನವರೆಗೆ. ಎಣ್ಮಕಜೆ ಕಡೆಯ ಅಜ್ಜಿಯೊಬ್ಬರ ಮಗ ಕಳಿಸಿದ್ದು ನೋಡಬೇಕಿತ್ತು. ರಸ್ತೆಯಿಂದ ತೋಟಕ್ಕೆ ಇಳಿಯುವ ಕೆಂಪುಕಲ್ಲಿನ ಮೆಟ್ಟಿಲು, ಒಂದು ಎತ್ತರ, ಒಂದು ಗಿಡ್ಡ, ಹಿಡಿಯಲು ಏನೂ ಇಲ್ಲ. ಮಳೆಗೆ ಜಾರದಿರಲಿ ಅಂತ ಅಂಗಳಕ್ಕೆ ಅಡಿಕೆ ಸೋಗೆ ಹಾಸಿದ್ದರು. ನಮ್ಮ ಕಾಲಿಗೆ ಅದು ಒಳ್ಳೆಯದೇ. ವಾಕರಿನ ಕಾಲು ಮಾತ್ರ ಅದರೊಳಗೆ ಸಿಕ್ಕಿಕೊಳ್ಳುತ್ತದೆ. ಬಚ್ಚಲಿನ ಹೊಸ್ತಿಲು ಗೇಣೆತ್ತರ.

ಮಗ ಸೋಗೆ ತೆಗೆದು, ಬ್ಲೀಚಿಂಗ್ ಪೌಡರ್ ಹಾಕಿ ಪಾಚಿ ಉಜ್ಜಿದರು. ಮೆಟ್ಟಿಲ ಬದಿಗೆ ಅಡಿಕೆ ಮರದ ಸೀಳು ಕಟ್ಟಿದರು. ಕಕ್ಕಸಿಗೆ ಕಮೋಡ್ ಕುರ್ಚಿ ಬಂತು. ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ಆಪರೇಷನ್ ಆದ ಕಾಲು ಮೊದಲು ಅಂತ ಅಜ್ಜಿಗೆ ವಾರ್ಡಿನ ಮೆಟ್ಟಿಲಲ್ಲೇ ಅಭ್ಯಾಸ ಮಾಡಿಸಿದೆವು.

ಮನೆಯಲ್ಲಿ ಯಾರಿದ್ದಾರೆ ಅನ್ನುವುದೂ ಹೀಗೇ. ಕೇಳಿದರೆ "ಎಲ್ಲರೂ ಇದ್ದೇವೆ". ವಿಚಾರಿಸಿದರೆ ಮಗ ದುಬೈಗೆ ವಾಪಸು ಹೋಗುವವ, ಸೊಸೆ ಶಾಲೆಯ ಟೀಚರ್. "ಬೆಳಗ್ಗೆ ಹತ್ತು ಗಂಟೆಗೆ ಅಮ್ಮ ಬಾತ್‌ರೂಮಿಗೆ ಹೋಗಬೇಕಾದರೆ ಜೊತೆಗೆ ಯಾರು?" ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ವಾಕರನ್ನು ಊರಿನ ಪಾಲಿಯೇಟಿವ್‌ನವರ (ಹಾಸಿಗೆ ಹಿಡಿದವರನ್ನು ಮನೆಗೇ ಬಂದು ನೋಡಿಕೊಳ್ಳುವವರ) ಹತ್ತಿರ ಕೇಳಿದರೆ ಸಿಗುವುದುಂಟು. ತಂದ ಮೇಲೆ ಎತ್ತರ ನೋಡಿ. ನೇರ ನಿಂತು ಕೈ ಇಳಿಬಿಟ್ಟರೆ ಹಿಡಿ ಮಣಿಕಟ್ಟಿಗೆ ಸರಿ ಬರಬೇಕು. ಕೆಳಗಿನ ರಬ್ಬರ್ ಸವೆದಿದ್ದರೆ ಬದಲಿಸಿ. ಸೊಂಟದ ಕೀಲು ಬದಲಾದವರಿಗೆ ತಗ್ಗಿನ ಕುರ್ಚಿ, ಮಣೆ ಬೇಡವೇ ಬೇಡ. ತಗ್ಗಿನಲ್ಲಿ ಕೂತು ಕಾಯಿ ಹೆರೆಯುವ, ತರಕಾರಿ ಹೆಚ್ಚುವ ಹೆರೆಮಣೆ, ಮೆಟ್ಟುಗತ್ತಿಯ ಕೆಲಸ ಬೇರೆಯವರಿಗೆ ಬಿಡಬೇಕು. ಇದನ್ನು ಒಪ್ಪಿಸುವುದೇ ನಮಗೆ ದೊಡ್ಡ ಕೆಲಸ!

ಮೊಣಕಾಲಿನವರದ್ದು ಬೇರೆ ಗೋಳು. ನೋವಿನ ಮಾತ್ರೆ ಕಿಡ್ನಿಗೆ ಕೆಟ್ಟದ್ದು ಅಂತ ಯಾರೋ ಹೇಳುತ್ತಾರೆ, ಇವರು ಬಿಟ್ಟುಬಿಡುತ್ತಾರೆ. ನೋವಿಗೆ ವ್ಯಾಯಾಮ ನಿಲ್ಲುತ್ತದೆ, ಮೊಣಕಾಲು ಬಿಗಿಯುತ್ತದೆ. ಕಿಡ್ನಿ ತೊಂದರೆ ಇದ್ದರೆ ಡಾಕ್ಟರಿಗೆ ಮೊದಲೇ ಹೇಳಿ, ಹೊಂದುವ ಮಾತ್ರೆ ಕೊಡುತ್ತಾರೆ. ಹಾಯಾಗಿದೆ ಅಂತ ಮೊಣಕಾಲಿನ ಅಡಿಗೆ ದಿಂಬು ಇಟ್ಟು ಮಲಗುವುದೂ ಬೇಡ, ಕಾಲು ನೇರ ಆಗುವುದಿಲ್ಲ. ಇನ್ನು ಕೊಟ್ಟಂಚುಕ್ಕಾದಿ ತೈಲ! ನಮ್ಮ ಕಡೆ ಯಾವ ನೋವಿಗೂ ಅದೇ ಅಲ್ವಾ? ಗಾಯಕ್ಕೆ ಹಚ್ಚಬೇಡಿ. ಊದಿದ ಮೀನಖಂಡವನ್ನಂತೂ ತಿಕ್ಕಲೇಬೇಡಿ. ಅಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಮೀನಖಂಡ ನೋವು, ಗಾಯದಲ್ಲಿ ಕೀವು, ಜ್ವರ ಬಂದರೆ ಅದೇ ದಿನ ಫೋನ್ ಮಾಡಿ. ಎದೆನೋವು, ಉಬ್ಬಸ ಬಂದರೆ ಕಾಯದೆ ಹತ್ತಿರದ ಆಸ್ಪತ್ರೆಗೆ ಓಡಿ.

ಡಿಸ್ಚಾರ್ಜ್ ದಿನ ಬಿಲ್ಲಿಗೆ ಇನ್ಶೂರೆನ್ಸ್ ಒಪ್ಪಿಗೆ ಬರುವಾಗ ಕೆಲವೊಮ್ಮೆ ಸಂಜೆಯಾಗುತ್ತದೆ. ಜಡಿಮಳೆ, ಕತ್ತಲೆ, ಜಾರುವ ಮೆಟ್ಟಿಲು ಇದ್ದರೆ ಒಂದು ರಾತ್ರಿ ಉಳಿದುಕೊಳ್ಳಿ ಅಂತ ನಾನೇ ಹೇಳುತ್ತೇನೆ. ಬಿಲ್ಲಿನವರಿಗೆ ಇದು ಇಷ್ಟವಿಲ್ಲ.

ಮನೆಗೆ ಹೋದ ಎರಡು ಮೂರು ದಿನಕ್ಕೆ ನಾನೇ ಫೋನ್ ಮಾಡುತ್ತೇನೆ. ಮೊದಲ ಪ್ರಶ್ನೆ, "ಮೋಷನ್ ಆಗ್ತಾ ಉಂಟಾ?" ಕೆಲವು ನೋವಿನ ಮಾತ್ರೆಗೆ ಹೊಟ್ಟೆ ಕಟ್ಟುತ್ತದೆ. ಮಗನ ಎದುರು ಅದನ್ನು ಹೇಳಲು ಅಜ್ಜಿಯಂದಿರಿಗೆ ನಾಚಿಕೆ. ಹಾಗಾಗಿ ಫೋನು ಅವರ ಕೈಗೇ ಕೊಡಿ ಅನ್ನುತ್ತೇನೆ.