ಆಂಟಿಬಾಡಿ ಇದ್ರೂ ಎಚ್‌ಐವಿ ಯಾಕೆ ಹೋಗಲ್ಲ?

ಬಯಾಲಜಿ ಪಾಠ ಮಾಡೋ ನನಗೆ ವರ್ಷಾ ವರ್ಷ ಯಾರಾದ್ರೂ ಈ ಪ್ರಶ್ನೆ ಕೇಳ್ತಾರೆ. ಎಚ್‌ಐವಿ ಬಂದವರ ರಕ್ತದಲ್ಲಿ ಆಂಟಿಬಾಡಿ, ಅಂದ್ರೆ ವೈರಸ್‌ನ ಹಿಡಿಯೋಕೆ ಮೈ ತಯಾರಿಸೋ ಪ್ರೋಟೀನ್, ಇರುತ್ತಲ್ಲ ಸರ್, ಟೆಸ್ಟಲ್ಲಿ ಅದನ್ನೇ ತಾನೆ ಹುಡುಕೋದು, ಮತ್ಯಾಕೆ ವಾಸಿ ಆಗಲ್ಲ?

ವೈರಸ್ ರೂಪ ಬದಲಾಯಿಸ್ತಾ ಇರುತ್ತೆ, ನಮ್ಮ ಡಿಎನ್‌ಎ ಒಳಗೆ ಸೇರ್ಕೊಂಡು ಸುಮ್ನೆ ಮಲಗಿಬಿಡುತ್ತೆ, ಇವೆರಡು ದೊಡ್ಡ ಕಾರಣ, ಎಲ್ಲಾ ಪುಸ್ತಕದಲ್ಲೂ ಇರುತ್ತೆ. ನಾನು ಹೇಳೋಕೆ ಹೊರಟಿದ್ದು ಇನ್ನೊಂದು. ವೈರಸ್ ಅಂದ್ರೆ ರಕ್ತದಲ್ಲಿ ತೇಲ್ತಾ ಬಂದು ಸೆಲ್‌ಗೆ ಅಂಟ್ಕೊಳ್ಳೋದು ಅಂತ ನಾವು ಅಂದ್ಕೊಂಡಿರ್ತೀವಿ, ಆದ್ರೆ ಎಚ್‌ಐವಿ ಒಂದು ಸೆಲ್‌ನಿಂದ ಪಕ್ಕದ ಸೆಲ್‌ಗೆ ನೇರವಾಗೇ ದಾಟುತ್ತೆ, ಲ್ಯಾಬಲ್ಲಿ ನೋಡಿದ್ರೆ ತೇಲಿ ಹೋಗೋದಕ್ಕಿಂತ ಎಷ್ಟೋ ಪಟ್ಟು ಜೋರಾಗಿ.

ಎಚ್‌ಐವಿ ಮುಖ್ಯವಾಗಿ ಹೊಕ್ಕೋದು ಟಿ ಸೆಲ್‌ಗೆ, ಅಂದ್ರೆ ರೋಗದ ವಿರುದ್ಧ ನಮ್ಮನ್ನ ಕಾಯೋ ಒಂದು ಬಗೆ ಬಿಳಿ ರಕ್ತಕಣಕ್ಕೆ. ಈ ಟಿ ಸೆಲ್‌ಗಳ ಕೆಲಸ ನಡೆಯೋದೇ ಮುಟ್ಟಿ ನೋಡೋದ್ರಿಂದ. ಕುತ್ತಿಗೆ, ಕಂಕುಳಲ್ಲೆಲ್ಲಾ ಇರೋ ಲಿಂಫ್ ನೋಡ್ ಅನ್ನೋ ಸಣ್ಣ ಗಂಟುಗಳ ಒಳಗೆ ಸಂತೆ ಥರ ಕಿಕ್ಕಿರಿದು ಓಡಾಡ್ತಾ, ಸಿಕ್ಕ ಸಿಕ್ಕ ಸೆಲ್‌ನ ಮುಟ್ಟಿ ಸುದ್ದಿ ತಿಳ್ಕೊತಾವೆ. ಈ ಚಾಳಿಯನ್ನೇ ವೈರಸ್ ಬಳಸ್ಕೊಳ್ಳೋದು. ಸೋಂಕು ತಗುಲಿದ ಟಿ ಸೆಲ್‌ನ ಮೈ ಮೇಲೆ ವೈರಸ್ಸಿನ ಎನ್ವಲಪ್ ಪ್ರೋಟೀನ್, ಅಂದ್ರೆ ಅದರ ಹೊರಗವಸಿನ ಪ್ರೋಟೀನ್, ಎದ್ದಿರುತ್ತೆ, ಅದು ಪಕ್ಕದ ಸೆಲ್‌ನ ಮೈ ಮೇಲಿರೋ ಸಿಡಿ4 ಅನ್ನೋ ಪ್ರೋಟೀನ್‌ನ ಗಬಕ್ಕಂತ ಹಿಡ್ಕೊಳ್ಳುತ್ತೆ, ಎರಡೂ ಸೆಲ್ ಒಂದಕ್ಕೊಂದು ಒತ್ಕೊಂಡು ನಿಲ್ತಾವೆ, ಹೊಸ ವೈರಸ್ ಕಟ್ಟೋ ಸಾಮಾನೆಲ್ಲಾ ಆ ಒತ್ಕೊಂಡ ಜಾಗಕ್ಕೇ ಬಂದು ಗುಡ್ಡೆ ಬೀಳುತ್ತೆ. ಇದಕ್ಕೆ ವೈರಾಲಜಿಕಲ್ ಸಿನಾಪ್ಸ್ ಅಂತಾರೆ. 2009ರಲ್ಲಿ ವೈರಸ್‌ಗೆ ಹಸಿರು ಬೆಳಕಿನ ಪ್ರೋಟೀನ್ ಸೇರಿಸಿ ಇದನ್ನ ವಿಡಿಯೋನೇ ಮಾಡಿದ್ರು, ಹಸಿರು ಚುಕ್ಕಿಗಳು ಅಂಚಲ್ಲಿ ಅಂಗಿ ಗುಂಡಿ ಥರ ಒಟ್ಟಾಗಿ ಆಮೇಲೆ ಪಕ್ಕದ ಸೆಲ್ ಒಳಗೆ ಕಾಣಿಸ್ಕೊಳ್ಳುತ್ತೆ. ಬೇಲಿಯೇ ಎದ್ದು ಹೊಲ ಮೇಯೋದು ಅಂದ್ರೆ ಇದೇ.

ರೋಗಾಣು ಹಿಡಿದು ಟಿ ಸೆಲ್‌ಗೆ ತೋರಿಸೋ ಡೆಂಡ್ರಿಟಿಕ್ ಸೆಲ್‌ಗಳದ್ದು ಇನ್ನೂ ಕಷ್ಟ, ತಮಗೆ ಸೋಂಕು ತಗುಲದಿದ್ರೂ ವೈರಸ್‌ನ ಹೊತ್ಕೊಂಡು ಹೋಗಿ ಟಿ ಸೆಲ್ ಕೈಗೆ ಕೊಡ್ತಾವೆ.

ಈಗ ಆಂಟಿಬಾಡಿ ವಿಷಯಕ್ಕೆ ಬರೋಣ. ಬಯಲಲ್ಲಿ ಒಂಟಿಯಾಗಿ ತೇಲೋ ವೈರಸ್ ಸಿಕ್ರೆ ಅದು ಮುತ್ಕೊಳ್ಳುತ್ತೆ, ಆದ್ರೆ ಇಲ್ಲಿ ಸಂದು ಇಕ್ಕಟ್ಟು, ಮೇಲಾಗಿ ಒಂದೇ ಸಲಕ್ಕೆ ರಾಶಿ ರಾಶಿ ವೈರಸ್ ದಾಟ್ತಿರುತ್ತೆ. ಹಾಗಂತ ಆಂಟಿಬಾಡಿ ದಂಡ ಅಂತಲ್ಲ, ಎಷ್ಟೋ ಆಂಟಿಬಾಡಿಗಳು ಇದನ್ನೂ ತಡೀತಾವೆ, ಆದ್ರೆ ಸಾಮಾನ್ಯವಾಗಿ ಜಾಸ್ತಿ ಪ್ರಮಾಣ ಬೇಕಾಗುತ್ತೆ.

ಹೀಗೆ ಸೆಲ್‌ನಿಂದ ಸೆಲ್‌ಗೆ ದಾಟೋದ್ರಲ್ಲಿ ಎಚ್‌ಐವಿಗಿಂತ ಪಳಗಿದ್ದು ಎಚ್‌ಟಿಎಲ್‌ವಿ-1, ಟಿ ಸೆಲ್‌ಗೇ ತಗುಲೋ ಇನ್ನೊಂದು ವೈರಸ್. ಇದರ ಸಿನಾಪ್ಸ್ ಗೊತ್ತಾಗಿದ್ದು 2003ರಲ್ಲಿ. ಈ ವೈರಸ್ ಬರೀ ಪ್ಲಾಸ್ಮಾದಲ್ಲಿ, ಅಂದ್ರೆ ಸೆಲ್ ತೆಗೆದ ರಕ್ತದ ನೀರಲ್ಲಿ, ಹರಡೋದು ಇಲ್ಲ ಅಂತಲೇ ಹೇಳ್ಬೋದು, ರಕ್ತದಲ್ಲೋ ಎದೆಹಾಲಲ್ಲೋ ಸೋಂಕಿರೋ ಸೆಲ್ಲೇ ಹೋಗ್ಬೇಕು.

ಇಷ್ಟು ಹೇಳಿದ ಮೇಲೆ ಒಬ್ರಾದ್ರೂ ಕೇಳ್ತಾರೆ, ಹಾಗಾದ್ರೆ ಮುಟ್ಟಿದ್ರೆ ಎಚ್‌ಐವಿ ಬರುತ್ತಾ ಅಂತ. ಇಲ್ಲಪ್ಪ! ಮುಟ್ಟೋದು ಮೈ ಒಳಗಿನ ಸೆಲ್‌ಗಳು, ಮನುಷ್ಯರು ಕೈ ಕುಲುಕಿದ್ರೆ ಏನೂ ಆಗಲ್ಲ. ಎರಡನೇ ಪ್ರಶ್ನೆ ಮಾತ್ರೆದು, ಹೀಗೆ ದಾಟೋ ವೈರಸ್ ಮೇಲೆ ಎಚ್‌ಐವಿ ಮಾತ್ರೆ ಕೆಲಸ ಮಾಡುತ್ತಾ ಅಂತ. ಮಾತ್ರೆ ಕೆಲಸ ಮಾಡುತ್ತೆ, ಯಾಕಂದ್ರೆ ಈಗ ಕೊಡೋ ಔಷಧಿಗಳಲ್ಲಿ ಹೆಚ್ಚಿನವು ಕಾಯ್ತಾ ಕೂರೋದು ಸೆಲ್ ಒಳಗೆ, ವೈರಸ್ ತನ್ನ ಆರ್‌ಎನ್‌ಎನ ಡಿಎನ್‌ಎ ಮಾಡ್ಕೊಳ್ಳೋ ಜಾಗದಲ್ಲಿ, ಅದನ್ನ ನಮ್ಮ ಡಿಎನ್‌ಎಗೆ ಹೊಲಿಯೋ ಜಾಗದಲ್ಲಿ. ತೇಲಿ ಬಂದ್ರೂ ದಾಟಿ ಬಂದ್ರೂ ವೈರಸ್ ಅಲ್ಲಿಗೆ ಬರಲೇಬೇಕು.