ಹತ್ತನೇ ತರಗತಿಯ ಅಂಕಪಟ್ಟಿಯಿಂದ ಜರ್ಮನಿಯ ಅಂಚೆಪೆಟ್ಟಿಗೆಯವರೆಗೆ

ಮಂಗಳೂರು, ಉಡುಪಿ ಕಡೆಯಿಂದ ಗಲ್ಫ್‌ಗೆ ಹೋಗುವವರಿಗೆ ದಾರಿ ಹೇಳುವವರು ಮನೆಯಲ್ಲೇ ಇರುತ್ತಾರೆ. ಮಾವ ಮಸ್ಕತ್‌ನಲ್ಲಿ, ದೊಡ್ಡಪ್ಪನ ಮಗ ದಮ್ಮಾಮ್‌ನಲ್ಲಿ. ಬಜ್ಪೆಯಲ್ಲಿ ವಿಮಾನ ಹತ್ತಿದರೆ ಆಚೆ ಕಡೆ ಯಾರಾದರೂ ಕಾರು ತಂದು ನಿಂತಿರುತ್ತಾರೆ. ಜರ್ಮನಿಯಲ್ಲಿ ಕೆಲಸ ಹಿಡಿದು ಒಬ್ಬರೇ ಹೊರಡುವವರಿಗೆ ಆ ಅನುಕೂಲ ಕಡಿಮೆ. ಕೆಲಸ ಸಿಕ್ಕಿದರೆ ಮುಗಿಯಿತು ಎಂದುಕೊಂಡಿರುತ್ತಾರೆ. ಆಫರ್ ಕೈಗೆ ಬಂದ ಮೇಲೆ ತಿಂಗಳುಗಟ್ಟಲೆ ಎಳೆಯುವುದು ಕಾಗದಗಳು, ಅದರಲ್ಲೂ ಕಾಗದದ ಮೇಲಿರುವ ಹೆಸರು. ಆದ್ದರಿಂದ ಹೆಸರಿನಿಂದಲೇ ಶುರು ಮಾಡೋಣ.

ನಮ್ಮ ಕರಾವಳಿಯ ಹೆಸರುಗಳು ವಿದೇಶದ ಫಾರ್ಮುಗಳಲ್ಲಿ ಸಲೀಸಾಗಿ ಕೂರುವಂಥವಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಬರೀ ‘ಗಣೇಶ ಕೆ.’, ಆಧಾರ್‌ನಲ್ಲಿ ‘ಗಣೇಶ್ ಪೂಜಾರಿ’, ಪ್ಯಾನ್ ಕಾರ್ಡಿನಲ್ಲಿ ಅಪ್ಪನ ಹೆಸರೂ ಸೇರಿ ಇನ್ನೊಂದು. ಪೂಜಾರಿಯ ಕೊನೆಗೆ ಇಂಗ್ಲಿಷಿನ ‘ಐ’ ಒಂದು ಕಡೆ, ‘ವೈ’ ಇನ್ನೊಂದು ಕಡೆ. ಒಂದರಲ್ಲಿ ಆಚಾರ್, ಮತ್ತೊಂದರಲ್ಲಿ ಆಚಾರ್ಯ. ಡಿಸೋಜರಿಗೆ ‘ಡಿ’ ಆದ ಮೇಲೆ ಬರುವ ಆ ಸಣ್ಣ ಗೀಟಿನದೇ ಚಿಂತೆ. ಪಾಸ್‌ಪೋರ್ಟಿನ ಕೆಳಗೆ ಯಂತ್ರ ಓದುವ ಎರಡು ಸಾಲುಗಳಲ್ಲಿ ಆ ಗೀಟಿಗೆ ಜಾಗವೇ ಇಲ್ಲ, ವಿಮಾನದ ಟಿಕೆಟ್ಟಿನಲ್ಲೂ ಇಲ್ಲ. ಹಾಗಾಗಿ ಟಿಕೆಟ್ಟಿಗೆ ಆ ಎರಡು ಸಾಲುಗಳಲ್ಲಿ ಇರುವಂತೆಯೇ ಬರೆಯಿರಿ.

ಇವೆಲ್ಲಕ್ಕಿಂತ ಹೆಚ್ಚು ಕಾಡುವುದು ಪಾಸ್‌ಪೋರ್ಟಿನಲ್ಲಿ ಸರ್‌ನೇಮ್ ಜಾಗ ಖಾಲಿ ಇರುವುದು. ಪೂರ್ತಿ ಹೆಸರು ಗಿವನ್ ನೇಮ್‌ನಲ್ಲೇ ಕೂತಿದ್ದರೆ ವೀಸಾದವರು ಒಂದು ರೀತಿ, ಬ್ಯಾಂಕಿನವರು ಒಂದು ರೀತಿ, ವಿಮೆಯವರು ಮತ್ತೊಂದು ರೀತಿ ತುಂಬಿಕೊಳ್ಳುತ್ತಾರೆ. ಒಬ್ಬನೇ ಮನುಷ್ಯ ಮೂರು ದಾಖಲೆಗಳಲ್ಲಿ ಮೂವರಾಗುತ್ತಾನೆ. ದಾರಿಯಲ್ಲಿ ದುಬೈಯಲ್ಲಿ ಇಳಿದು ನೆಂಟರ ಮನೆಯಲ್ಲಿ ಎರಡು ದಿನ ಇದ್ದು ಹೋಗುವ ಯೋಚನೆ ಇದ್ದರಂತೂ ಜಾಗ್ರತೆ: 2022ರ ನವೆಂಬರ್‌ನಿಂದ ಯುಎಇ ಒಂಟಿ ಹೆಸರಿನ ಪಾಸ್‌ಪೋರ್ಟಿಗೆ ಪ್ರವಾಸಿ ವೀಸಾದಲ್ಲಿ ತಕರಾರು ತೆಗೆಯುತ್ತದೆ.

ಇದಕ್ಕೆ ಪರಿಹಾರ ಪಾಸ್‌ಪೋರ್ಟ್ ರೀ-ಇಶ್ಯೂ. 36 ಪುಟದ್ದಕ್ಕೆ 1,500 ರೂಪಾಯಿ, 60 ಪುಟದ್ದಕ್ಕೆ 2,000, ತತ್ಕಾಲ್ ಬೇಕಿದ್ದರೆ ಮೇಲೆ ಇನ್ನೂ 2,000. ಹೆಸರು ಬದಲಾದರೆ ಪೊಲೀಸ್ ವೆರಿಫಿಕೇಶನ್ ಮತ್ತೆ ಆಗಬಹುದು. ಅರ್ಜಿ ಹಾಕಿದ ವಿಳಾಸದಲ್ಲಿ ನೀವು ನಿಜವಾಗಿ ಇರಬೇಕು. ಬೆಂಗಳೂರಿನ ಪಿಜಿಯಲ್ಲಿ ಕೂತು ಕಾರ್ಕಳದ ವಿಳಾಸ ಕೊಟ್ಟವರ ಫೈಲು ಅಲ್ಲೇ ಕೊಳೆಯುತ್ತದೆ. ಈ ಕೆಲಸವನ್ನು ಕೆಲಸ ಹುಡುಕುವ ಮೊದಲೇ ಮುಗಿಸಿ, ಏಕೆಂದರೆ ಆಫರ್ ಲೆಟರಿನಲ್ಲಿ ಹಳೆಯ ಹೆಸರೂ ವೀಸಾ ಅರ್ಜಿಯಲ್ಲಿ ಹೊಸ ಹೆಸರೂ ಇದ್ದರೆ ಕರಾರು ಪತ್ರವನ್ನೇ ಮತ್ತೆ ಬರೆಸಬೇಕಾಗುತ್ತದೆ.

ಇನ್ನು ಡಿಗ್ರಿ. ಜರ್ಮನಿಯವರು ನಿಮ್ಮ ಪದವಿಯನ್ನು ‘ಅನಾಬಿನ್’ ಎಂಬ ತಮ್ಮ ಜಾಲತಾಣದಲ್ಲಿ ನೋಡುತ್ತಾರೆ. ಅಲ್ಲಿ ಹುಡುಕಬೇಕಾದದ್ದು ಕಾಲೇಜನ್ನಲ್ಲ, ಪದವಿ ಪತ್ರ ಕೊಟ್ಟ ವಿಶ್ವವಿದ್ಯಾಲಯವನ್ನು. ನಮ್ಮ ಊರಿನ ಇಂಜಿನಿಯರಿಂಗ್ ಕಾಲೇಜಿನಲ್ಲಿ ಓದಿದ್ದರೂ ಸರ್ಟಿಫಿಕೇಟಿನ ನೆತ್ತಿಯ ಮೇಲೆ ಬೆಳಗಾವಿಯ ವಿಟಿಯು ಹೆಸರಿದ್ದರೆ ವಿಟಿಯುವನ್ನೇ ಹುಡುಕಿ. ಬಿಎಸ್ಸಿ, ಬಿಸಿಎ ಮಾಡಿದವರಿಗೆ ಅದು ಕೊಣಾಜೆಯ ಮಂಗಳೂರು ವಿಶ್ವವಿದ್ಯಾಲಯ ಆಗಿರಬಹುದು. ಸಂಸ್ಥೆಯ ಎದುರು ‘ಎಚ್ ಪ್ಲಸ್’ ಎಂದಿರಬೇಕು, ಅಂದರೆ ಆ ಸಂಸ್ಥೆಗೆ ಅವರ ಮಾನ್ಯತೆ ಇದೆ ಎಂದರ್ಥ. ನಿಮ್ಮ ಪದವಿಯೂ ಅಲ್ಲಿನ ಪಟ್ಟಿಯಲ್ಲಿ ಸಮಾನ ಎಂದು ಬಂದಿರಬೇಕು. ಎರಡೂ ಇದ್ದರೆ ಆ ಪುಟಗಳ ಪ್ರಿಂಟ್ ಸಾಕು. ಯಾವುದಾದರೂ ಒಂದು ಇಲ್ಲದಿದ್ದರೆ ‘ಝಡ್‌ಎಬಿ’ ಎಂಬ ಕಚೇರಿಯಿಂದ ಹೋಲಿಕೆ ಪತ್ರ ತರಿಸಬೇಕು. ಅದಕ್ಕೆ 208 ಯೂರೋ ಶುಲ್ಕ, ವಾರಗಟ್ಟಲೆ ಕಾಯುವಿಕೆ. ಆಫರ್ ಬಂದ ಮೇಲೆ ಇದನ್ನು ಶುರು ಮಾಡಿದರೆ ಕಂಪನಿಯವರ ತಾಳ್ಮೆ ಮುಗಿಯುತ್ತದೆ. ಗಲ್ಫ್‌ನ ರೂಢಿ ನೋಡಿ ಎಲ್ಲ ಸರ್ಟಿಫಿಕೇಟಿಗೂ ಅಟೆಸ್ಟೇಶನ್ ಮಾಡಿಸಿಕೊಡುತ್ತೇವೆ ಎನ್ನುವ ಏಜೆಂಟರಿಗೆ ದುಡ್ಡು ಸುರಿಯುವ ಮೊದಲು ಬೆಂಗಳೂರಿನ ಜರ್ಮನ್ ಕಾನ್ಸುಲೇಟಿನ ಪಟ್ಟಿಯನ್ನು ನೀವೇ ಓದಿ. ಅಲ್ಲಿ ಕೇಳಿದಷ್ಟು ಕೊಟ್ಟರೆ ಸಾಕು.

ಸಂಬಳದ ವಿಷಯ. ಪದವಿ ಓದಿದ ಹೊರದೇಶದ ನೌಕರರಿಗೆ ಅಲ್ಲಿ ಇದ್ದು ದುಡಿಯಲು ಕೊಡುವ ಪರವಾನಗಿಯೇ ಬ್ಲೂ ಕಾರ್ಡ್. ಅದಕ್ಕೆ 2025ರಲ್ಲಿ ವರ್ಷಕ್ಕೆ ಕನಿಷ್ಠ 48,300 ಯೂರೋ ಬೇಕಿತ್ತು. ಐಟಿ, ಇಂಜಿನಿಯರಿಂಗ್‌ನಂಥ ಜನ ಸಾಲದ ಕ್ಷೇತ್ರಗಳಿಗೂ ಓದು ಮುಗಿಸಿ ಮೂರು ವರ್ಷ ದಾಟದವರಿಗೂ 43,759.80. ಈ ಅಂಕಿ ಪ್ರತಿ ಜನವರಿಯಲ್ಲಿ ಬದಲಾಗುತ್ತದೆ, ಸಾಮಾನ್ಯವಾಗಿ ಮೇಲಕ್ಕೇ. ಆದ್ದರಿಂದ ವರ್ಷದ ಕೊನೆಯಲ್ಲಿ ಕರಾರಿಗೆ ಸಹಿ ಹಾಕುವವರು ಮಿತಿಗೆ ಅಂಟಿಕೊಂಡ ಸಂಬಳಕ್ಕೆ ಒಪ್ಪಬೇಡಿ. ಸಿಕ್ಕಿದರೆ ಸಿಕ್ಕೀತು ಎನ್ನುವಂಥ ಬೋನಸ್ ಲೆಕ್ಕಕ್ಕೆ ಬರುವುದಿಲ್ಲ, ಖಾತ್ರಿಯಾಗಿ ಬರುವ ಸಂಬಳ ಮಾತ್ರ ಬರುತ್ತದೆ. ಕಂಪನಿಗೆ ಅವಸರವಿದ್ದರೆ ಅವರು 411 ಯೂರೋ ಕಟ್ಟಿ ಅಲ್ಲಿಂದಲೇ ತ್ವರಿತ ಪ್ರಕ್ರಿಯೆ ಶುರು ಮಾಡಬಹುದು. ಕೇಳಲು ಸಂಕೋಚ ಬೇಡ. ಕೇಳದಿದ್ದರೆ ಅವರಾಗಿ ಹೇಳುವುದೂ ಅಪರೂಪ.

ವೀಸಾಕ್ಕೆ ಘಟ್ಟ ಹತ್ತಲೇಬೇಕು. ಕರ್ನಾಟಕದವರ ಅರ್ಜಿ ಬೆಂಗಳೂರಿನಲ್ಲಿ, ಶುಲ್ಕ 75 ಯೂರೋಗೆ ಸರಿಯಾದ ರೂಪಾಯಿ. ಕರಾರು ಪತ್ರ, ಕಂಪನಿ ತುಂಬಿ ಸಹಿ ಹಾಕಿದ ಉದ್ಯೋಗ ಘೋಷಣೆಯ ಫಾರ್ಮು, ಅನಾಬಿನ್ ಪ್ರಿಂಟ್, ಡಿಗ್ರಿ, ಬಯೋಡೇಟಾ, ವಿಮೆ ಇವು ಮುಖ್ಯ. ವಿಮೆಯಲ್ಲಿ ಒಂದು ಸಂದು ಇದೆ. ಅಲ್ಲಿನ ಸಾರ್ವಜನಿಕ ಆರೋಗ್ಯ ವಿಮೆ ಶುರುವಾಗುವುದು ಕೆಲಸಕ್ಕೆ ಸೇರಿದ ದಿನದಿಂದ. ನೀವು ಹತ್ತು ದಿನ ಮೊದಲೇ ಇಳಿದರೆ ಆ ಹತ್ತು ದಿನಕ್ಕೆ ಬೇರೆ ಪಾಲಿಸಿ ಇರಬೇಕು. ಜಾರಿ ಬಿದ್ದು ಕೈ ಮುರಿದುಕೊಳ್ಳುವುದಾದರೆ ಆ ಸಂದಿನಲ್ಲೇ ಆಗುತ್ತದೆ ಎಂದುಕೊಂಡು ವಿಮೆ ಮಾಡಿಸಿ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ಒಂಬತ್ತರ ಅಪಾಯಿಂಟ್‌ಮೆಂಟಿಗೆ ನಿಲ್ಲುವ ಲೆಕ್ಕಾಚಾರ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಬೇಡ. ಶಿರಾಡಿಯಲ್ಲಿ ಗುಡ್ಡ ಜರಿದರೆ ಬಸ್ಸು ಘಟ್ಟದ ಬುಡದಲ್ಲೇ ಬೆಳಗು ಕಾಣುತ್ತದೆ. ಒಂದು ದಿನ ಮೊದಲೇ ಹೋಗಿ.

ವೀಸಾ ಸ್ಟಿಕ್ಕರ್ ಪಾಸ್‌ಪೋರ್ಟಿನಲ್ಲಿ ಕೂರುವವರೆಗೆ ಈಗಿನ ಕೆಲಸಕ್ಕೆ ರಾಜೀನಾಮೆ ಕೊಡಬೇಡಿ. ಇಲ್ಲಿನ ನೋಟಿಸ್ 60 ಅಥವಾ 90 ದಿನ ಎಂಬುದನ್ನು ಜರ್ಮನಿಯ ಕಂಪನಿಗೆ ಮೊದಲೇ ಹೇಳಿಟ್ಟರೆ ಸೇರುವ ತಾರೀಕು ಅದಕ್ಕೆ ಹೊಂದುತ್ತದೆ. ಹೊರಡುವಾಗ ರಿಲೀವಿಂಗ್ ಲೆಟರ್ ತೆಗೆದುಕೊಳ್ಳಿ, ಪಿಎಫ್ ಖಾತೆಯಲ್ಲಿ ಬಿಟ್ಟ ದಿನಾಂಕ ದಾಖಲಾಯಿತೇ ಎಂದು ನೋಡಿಕೊಳ್ಳಿ. ಸಾಧ್ಯವಾದರೆ ಸೆಪ್ಟೆಂಬರ್ 28ರೊಳಗೆ ವಿಮಾನ ಹತ್ತಿ. ಏಪ್ರಿಲ್ 1ರಿಂದ ಎಣಿಸಿದರೆ ಭಾರತದಲ್ಲಿದ್ದ ದಿನಗಳು 182 ಮುಟ್ಟುವುದಿಲ್ಲ. ಉದ್ಯೋಗಕ್ಕೆಂದು ಹೊರಟವರು ಹಾಗೆ ಆ ವರ್ಷದ ಆದಾಯ ತೆರಿಗೆಗೆ ಅನಿವಾಸಿಯಾಗುತ್ತಾರೆ, ಅಲ್ಲಿನ ಸಂಬಳವನ್ನು ಇಲ್ಲಿ ಲೆಕ್ಕ ಕೊಡುವ ತಲೆನೋವು ತಪ್ಪುತ್ತದೆ.

ಬ್ಯಾಂಕುಗಳ ತವರು ಎಂದು ಬೀಗುವ ಜಿಲ್ಲೆಗಳು ನಮ್ಮವು. ಆದರೆ ಅಮ್ಮನ ಕಪಾಟಿನಲ್ಲಿರುವ ಪಾಸ್‌ಬುಕ್ ಇನ್ನೂ ಸಿಂಡಿಕೇಟ್ ಬ್ಯಾಂಕಿನದೇ ಆಗಿರಬಹುದು. ಅದು 2020ರ ಏಪ್ರಿಲ್‌ನಲ್ಲಿ ಕೆನರಾದಲ್ಲಿ ಸೇರಿತು, ಕಾರ್ಪೊರೇಶನ್ ಬ್ಯಾಂಕ್ ಅದೇ ದಿನ ಯೂನಿಯನ್‌ನಲ್ಲಿ, ವಿಜಯಾ ಅದಕ್ಕೂ ಒಂದು ವರ್ಷ ಮೊದಲು ಬರೋಡಾದಲ್ಲಿ. ಹಳೆಯ ಐಎಫ್‌ಎಸ್‌ಸಿ ನಂಬಿ ಜರ್ಮನಿಯಿಂದ ಕಳಿಸಿದ ದುಡ್ಡು ತಿರುಗಿ ಬರುತ್ತದೆ. ಹೊರಡುವ ಮೊದಲು ಹೊಸ ಕೋಡ್ ಬರೆದುಕೊಳ್ಳಿ. ಹೊರಟ ಮೇಲೆ ನಿಮ್ಮ ಉಳಿತಾಯ ಖಾತೆಯನ್ನು ಎನ್‌ಆರ್‌ಒ, ಅಂದರೆ ಅನಿವಾಸಿಯ ಇಲ್ಲಿನ ಹಣದ ಖಾತೆ, ಮಾಡಿಸುವುದು ನಿಯಮ. ಅಲ್ಲಿಂದ ಕಳಿಸುವ ಹಣಕ್ಕೆ ಎನ್‌ಆರ್‌ಇ ಎಂಬ ಇನ್ನೊಂದು ಅನಿವಾಸಿ ಖಾತೆ ಬೇರೆ ತೆರೆಯಿರಿ. ಪಿಪಿಎಫ್ ಇದ್ದರೆ ಅವಧಿ ಮುಗಿಯುವವರೆಗೆ ಮುಂದುವರಿಸಬಹುದು, ಹೊಸದು ತೆರೆಯುವಂತಿಲ್ಲ. ಊರಿನಲ್ಲಿ ಜಾಗದ ವ್ಯವಹಾರವೋ ಸಾಲವೋ ಇದ್ದರೆ ಅಪ್ಪ ಅಥವಾ ಅಮ್ಮನ ಹೆಸರಿಗೆ ಪವರ್ ಆಫ್ ಅಟಾರ್ನಿ ಇಲ್ಲೇ ಮಾಡಿಸಿಡಿ. ಅಲ್ಲಿ ಹೋದ ಮೇಲೆ ಮಾಡುವುದಾದರೆ ಭಾರತೀಯ ದೂತಾವಾಸದ ಬಾಗಿಲು ತಟ್ಟಬೇಕು, ಆ ಪತ್ರ ಊರಿಗೆ ಬಂದ ಮೂರು ತಿಂಗಳೊಳಗೆ ಮುದ್ರಾಂಕ ಶುಲ್ಕ ಕಟ್ಟಬೇಕು.

ಓಟಿಪಿ ಬರುವ ಸಿಮ್ ಇನ್ನೊಂದು ಜೀವನಾಡಿ. ರೋಮಿಂಗ್ ಆನ್ ಮಾಡಿಸುವುದು ಇಲ್ಲಿಂದಲೇ ಆಗಬೇಕು. ರೀಚಾರ್ಜ್ ಮರೆತು ಸಿಮ್ ಸತ್ತರೆ ಬ್ಯಾಂಕು, ಆಧಾರ್, ಆದಾಯ ತೆರಿಗೆ ಎಲ್ಲವೂ ಒಟ್ಟಿಗೆ ಬಾಗಿಲು ಹಾಕುತ್ತವೆ.

ಕೈಯಲ್ಲಿ ಎಷ್ಟು ಬೇಕು? ಬೆಂಗಳೂರಿನ ಹತ್ತು ತಿಂಗಳ ಅಡ್ವಾನ್ಸ್ ಅಲ್ಲಿಲ್ಲ. ಕಾನೂನಿನಂತೆ ಡೆಪಾಸಿಟ್ ‘ಕಾಲ್ಟ್‌ಮೀಟೆ’ಯ ಮೂರು ಪಟ್ಟು ದಾಟುವಂತಿಲ್ಲ. ಕಾಲ್ಟ್‌ಮೀಟೆ ಎಂದರೆ ಹೀಟರ್, ನೀರು ಬಿಟ್ಟು ಬರೀ ಮನೆಯ ಬಾಡಿಗೆ. ಅದು 700 ಯೂರೋ ಎಂದಿಟ್ಟುಕೊಂಡರೆ ಡೆಪಾಸಿಟ್ 2,100, ಎಲ್ಲ ಸೇರಿದ ಮೊದಲ ತಿಂಗಳ ಬಾಡಿಗೆ 900, ಅಲ್ಲಿಗೆ 3,000. ಡೆಪಾಸಿಟನ್ನು ಮೂರು ಕಂತಿನಲ್ಲಿ ಕೊಡುವ ಹಕ್ಕು ನಿಮಗಿದೆ. ಮೊದಲ ಸಂಬಳ ತಿಂಗಳ ಕೊನೆಗೆ. ಊಟ, ಬಸ್ಸು, ತಾತ್ಕಾಲಿಕ ರೂಮು ಸೇರಿದರೆ 5,000 ಯೂರೋ ಇಲ್ಲದೆ ಹೊರಡುವುದು ಬೇಡ. ನೋಟಿನ ರೂಪದಲ್ಲಿ ಒಂದು ಪ್ರಯಾಣಕ್ಕೆ 3,000 ಡಾಲರಿಗೆ ಸಮನಾದಷ್ಟು ಮಾತ್ರ ಒಯ್ಯಬಹುದು, ಉಳಿದದ್ದು ಫಾರೆಕ್ಸ್ ಕಾರ್ಡಿನಲ್ಲಿ. ಸಂಬಳದ ಅಂಕಿ ನೋಡಿ ಹಿಗ್ಗಬೇಡಿ. ಮದುವೆಯಾಗದ ಒಂಟಿ ನೌಕರನಿಗೆ ತೆರಿಗೆ, ವಿಮೆ, ಪಿಂಚಣಿ ಎಂದು ಮೂರರಲ್ಲಿ ಒಂದು ಪಾಲು ಕೈಗೆ ಬರುವ ಮೊದಲೇ ಹೋಗಿರುತ್ತದೆ.

ಪೆಟ್ಟಿಗೆ ಕಟ್ಟುವಾಗ ಮನೆಯಲ್ಲಿ ಸಣ್ಣ ಯುದ್ಧವೇ ಆಗುತ್ತದೆ. ಐರೋಪ್ಯ ಒಕ್ಕೂಟದೊಳಗೆ ಹೊರದೇಶದ ಹಾಲಿನ ಪದಾರ್ಥ, ಮಾಂಸ ನಿಷಿದ್ಧ. ಆದ್ದರಿಂದ ತುಪ್ಪದ ಬಾಟಲಿಯೂ ಪೇಡವೂ ಮನೆಯಲ್ಲೇ ಉಳಿಯಲಿ. ಆಶ್ಚರ್ಯವೆಂದರೆ ಒಣಮೀನು ಸ್ವಂತಕ್ಕೆ 20 ಕೆಜಿವರೆಗೆ ನಡೆಯುತ್ತದೆ. ವಾಸನೆಗೆ ಮೂರು ಸುತ್ತು ಪ್ಲಾಸ್ಟಿಕ್ ನಿಮ್ಮ ಜವಾಬ್ದಾರಿ. ತೆಂಗಿನಕಾಯಿಗೂ ಬಾಳೆಹಣ್ಣಿಗೂ ಸಸ್ಯ ಆರೋಗ್ಯ ಪತ್ರ ಕೇಳುವುದಿಲ್ಲ. ಹಸಿ ಕರಿಬೇವಿನಸೊಪ್ಪಿಗೆ, ಮಟ್ಟುಗುಳ್ಳ ಬದನೆಗೆ ಆ ರಿಯಾಯಿತಿ ಇಲ್ಲ. ಒಣ ಕೊಬ್ಬರಿಯನ್ನು ವಿಮಾನದವರೇ ಬಿಡುವುದಿಲ್ಲ, ಎಣ್ಣೆಯಂಶದಿಂದ ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುವ ಸರಕು ಅದು. ಸಾರಿನ ಹುಡಿ, ಮೀನಿನ ಮಸಾಲೆ ಹುಡಿ ಸೀಲ್ ಮಾಡಿಸಿ ಹಾಕಿ. ಮಿಕ್ಸಿ ಒಯ್ಯಬಹುದು, ಅಲ್ಲೂ 230 ವೋಲ್ಟ್, 50 ಹರ್ಟ್ಸ್. ಪಿನ್ನು ಮಾತ್ರ ಬೇರೆ, ಅಡಾಪ್ಟರ್ ಸಾಕು. ನೀರುದೋಸೆಗೆ ಬೀಡಿನ ಕಾವಲಿ ಒಯ್ಯಿರಿ, ಅಲ್ಯೂಮಿನಿಯಂದು ಇಂಡಕ್ಷನ್ ಒಲೆಯಲ್ಲಿ ಬಿಸಿಯೇ ಆಗದು. ಬಜ್ಪೆಯಿಂದ ಬೆಂಗಳೂರು, ಅಲ್ಲಿಂದ ಮುಂದೆ ಎಂದು ಬೇರೆ ಬೇರೆ ಟಿಕೆಟ್ ಮಾಡಿದರೆ ಪೆಟ್ಟಿಗೆ ಬೆಂಗಳೂರಿನಲ್ಲಿ ಇಳಿಸಿಕೊಂಡು ಮತ್ತೆ ಕೊಡಬೇಕು. ಮಳೆಗೆ ಮೊದಲ ವಿಮಾನ ತಡವಾದರೆ ಎರಡನೆಯದರ ನಷ್ಟ ನಿಮ್ಮದೇ. ಒಂದೇ ಪಿಎನ್‌ಆರ್‌ನಲ್ಲಿ ಮಾಡಿಸಿ.

ಇಳಿದ ಮೇಲಿನ ಮೊದಲ ಕೆಲಸ ‘ಆನ್‌ಮೆಲ್ಡುಂಗ್’, ಅಂದರೆ ಆ ಊರಿನಲ್ಲಿ ಇದ್ದೇನೆಂದು ನಗರ ಕಚೇರಿಯಲ್ಲಿ ಹೆಸರು ಬರೆಸುವುದು. ಮನೆ ಸೇರಿದ ಎರಡು ವಾರದೊಳಗೆ ಆಗಬೇಕು. ಅದಕ್ಕೆ ಮನೆ ಕೊಟ್ಟವರು ಸಹಿ ಮಾಡಿದ ‘ವೋನುಂಗ್ಸ್‌ಗೇಬರ್‌ಬೆಸ್ಟೇಟಿಗುಂಗ್’ ಬೇಕು. ಉಚ್ಚರಿಸಲು ಬರದಿದ್ದರೂ ಪರವಾಗಿಲ್ಲ ಮಾರಾಯ್ರೆ, ಕೇಳಲು ಮರೆಯಬೇಡಿ. ಹಾಲಿಡೇ ರೂಮು, ಹೋಟೆಲುಗಳಲ್ಲಿ ಅನೇಕರು ಈ ಪತ್ರ ಕೊಡುವುದಿಲ್ಲ. ಅದಿಲ್ಲದಿದ್ದರೆ ನೋಂದಣಿ ಇಲ್ಲ, ನೋಂದಣಿ ಇಲ್ಲದಿದ್ದರೆ ತೆರಿಗೆ ಸಂಖ್ಯೆ ಇಲ್ಲ. ತೆರಿಗೆ ಸಂಖ್ಯೆ ಇಲ್ಲದ ನೌಕರನ ಸಂಬಳದಲ್ಲಿ ಆರನೇ ವರ್ಗದ ದರದಲ್ಲಿ ಕಡಿತವಾಗಬಹುದು, ಅದು ಅತಿ ದುಬಾರಿ ದರ. ಆಮೇಲೆ ಹೊಂದಾಣಿಕೆ ಆಗುತ್ತದೆ ನಿಜ, ಆದರೆ ಡೆಪಾಸಿಟ್ ಕೊಡಬೇಕಾದ ತಿಂಗಳಲ್ಲಿ ಅಲ್ಲ. ಆದ್ದರಿಂದ ರೂಮು ಬುಕ್ ಮಾಡುವಾಗಲೇ ಬರಹದಲ್ಲಿ ಕೇಳಿ: ಆನ್‌ಮೆಲ್ಡುಂಗ್ ಆಗುತ್ತದೆಯೇ? ನಾನು ಹೊರದೇಶದಲ್ಲಿದ್ದೇನೆ, ಡೆಪಾಸಿಟ್ ಹಾಕಿ, ಕೀ ಅಂಚೆಯಲ್ಲಿ ಕಳಿಸುತ್ತೇನೆ ಎನ್ನುವ ಮಾಲೀಕರು ಮಾಲೀಕರೇ ಅಲ್ಲ. ರೆಸಿಡೆನ್ಸ್ ಕಾರ್ಡಿಗೆ ವಿದೇಶಿಯರ ಕಚೇರಿಯಲ್ಲಿ ಅಪಾಯಿಂಟ್‌ಮೆಂಟ್ ಅದೇ ವಾರ ಹಾಕಿ, ತಿಂಗಳುಗಟ್ಟಲೆ ಸರದಿ ಇರುತ್ತದೆ.

ಆ ತೆರಿಗೆ ಸಂಖ್ಯೆ ಬರುವುದು ಕಾಗದದ ಲಕೋಟೆಯಲ್ಲಿ, ಕೆಲವು ವಾರ ಬಿಟ್ಟು. ಬ್ಯಾಂಕ್ ಕಾರ್ಡಿನ ಪಿನ್, ವಿಮೆಯ ಕಾರ್ಡು ಕೂಡ ಅಂಚೆಯಲ್ಲೇ. ಅಲ್ಲಿನ ಕಟ್ಟಡಗಳಲ್ಲಿ ಸಾಮಾನ್ಯವಾಗಿ ಫ್ಲಾಟ್ ನಂಬರ್ ಇರುವುದಿಲ್ಲ. ಪೋಸ್ಟ್‌ಮ್ಯಾನ್ ಕೆಳಗಿನ ಪೆಟ್ಟಿಗೆಗಳ ಸಾಲಿನಲ್ಲಿ ಹೆಸರು ಹುಡುಕುತ್ತಾನೆ, ಸಿಗದಿದ್ದರೆ ಲಕೋಟೆ ವಾಪಸ್ ಹೋಗುತ್ತದೆ. ಬಾಡಿಗೆ ರೂಮಿನ ಪೆಟ್ಟಿಗೆಯ ಮೇಲೆ ಮೂಲ ಬಾಡಿಗೆದಾರನ ಹೆಸರೊಂದೇ ಇದ್ದರೆ ಅದರ ಕೆಳಗೆ ಪಾಸ್‌ಪೋರ್ಟಿನಲ್ಲಿರುವ ನಿಮ್ಮ ಸರ್‌ನೇಮನ್ನು ಅದೇ ಸ್ಪೆಲ್ಲಿಂಗಿನಲ್ಲಿ ಬರೆದು ಅಂಟಿಸಿ. ದಪ್ಪ ಮಾರ್ಕರ್ ಪೆನ್ನು ಮತ್ತು ಟೇಪು ಕೈಚೀಲದಲ್ಲೇ ಇರಲಿ, ಇಳಿದದ್ದು ಭಾನುವಾರವಾದರೆ ಅಂಗಡಿಗಳು ಮುಚ್ಚಿರುತ್ತವೆ.