ಕಾರ್ಟಿನಲ್ಲಿ ಹದಿನೈದು ದಿನ

ದೀಪಾವಳಿಯ ರಿಯಾಯಿತಿಯಲ್ಲಿ ಆನ್‌ಲೈನ್ ಅಂಗಡಿಯ ಕಾರ್ಟಿಗೆ ಹಾಕಿದ್ದ ಒಂಬತ್ತು ವಸ್ತುಗಳನ್ನು ಈ ಬಾರಿ ಕೂಡಲೇ ಕೊಳ್ಳದೆ ಹದಿನೈದು ದಿನ ಹಾಗೆಯೇ ಬಿಟ್ಟಿದ್ದೆ. ನಿನ್ನೆ ತೆರೆದು ನೋಡಿದಾಗ ಬೇಕೆನಿಸಿದ್ದು ಎರಡೇ: ಕುಕ್ಕರಿನ ಗ್ಯಾಸ್ಕೆಟ್ ಮತ್ತು ಅಮ್ಮನಿಗೊಂದು ಇಳಕಲ್ ಸೀರೆ. ಗ್ಯಾಸ್ಕೆಟ್ ನಮ್ಮ ಬೀದಿಯ ಪಾತ್ರೆ ಅಂಗಡಿಯಲ್ಲೇ ಸಿಕ್ಕಿತು. ಕಳೆದ ಸಲ ಅದೇ ರಬ್ಬರ್ ಬಳೆ ದೊಡ್ಡದೊಂದು ರಟ್ಟಿನ ಪೆಟ್ಟಿಗೆಯಲ್ಲಿ, ಗಾಳಿ ತುಂಬಿದ ಪ್ಲಾಸ್ಟಿಕ್ ದಿಂಬುಗಳ ನಡುವೆ ಮಲಗಿ ಬಂದಿತ್ತು. ಅಳತೆ ತಪ್ಪಿದ್ದರಿಂದ ಅಷ್ಟೇ ವೈಭವದಿಂದ ಮರಳಿಯೂ ಹೋಯಿತು.

ಸೀರೆಯ ವಿಷಯದಲ್ಲಿ ಮಾತ್ರ ಅವಸರ ಮಾಡಲು ಮನಸ್ಸಾಗಲಿಲ್ಲ. ಇಳಕಲ್ ಎಂಬ ಹೆಸರು ಹೊತ್ತು ಪರದೆಯ ಮೇಲೆ ಕಾಣುವುದೆಲ್ಲ ಕೈಮಗ್ಗದ್ದಲ್ಲ. ಒಡಲಿನ ಹಾಸೆಳೆಗಳನ್ನು, ಅಂದರೆ ಉದ್ದನೆಯ ನೂಲುಗಳನ್ನು, ಸೆರಗಿನ ಕೆಂಪು ರೇಷ್ಮೆಯ ಹಾಸೆಳೆಗಳಿಗೆ ಒಂದೊಂದಾಗಿ ಕುಣಿಕೆ ಹಾಕಿ ಸೇರಿಸುವ ಅಲ್ಲಿನ ನೇಕಾರರ ಕೆಲಸ ಆ ಜೋಡಣೆಯ ಜಾಗದಲ್ಲೇ ಗೊತ್ತಾಗುತ್ತದೆ. ಮಾರಾಟದ ಚಿತ್ರಗಳಲ್ಲಿ ಕಾಣದಿರುವುದೂ ಅದೊಂದೇ ಜಾಗ! 2020ರ ಇ-ಕಾಮರ್ಸ್ ನಿಯಮಗಳಂತೆ ಮಾರಾಟಗಾರರ ವಿಳಾಸವನ್ನು ತೋರಿಸಲೇಬೇಕಾಗಿರುವುದರಿಂದ ಅದನ್ನು ಹುಡುಕಿ ತೆಗೆದು, ಸೆರಗಿನ ಒಳಮೈಯ ಫೋಟೋ ಕಳಿಸಿರೆಂದು ಬರೆದಿದ್ದೇನೆ. ಉತ್ತರ ಬರುವವರೆಗೆ ಸೀರೆ ಕಾರ್ಟಿನಲ್ಲೇ ಇರುತ್ತದೆ. ಉಳಿದ ಏಳನ್ನು ಅಳಿಸಿದೆ. ಅವು ಏನೇನೆಂದು ಈಗ ಕೇಳಿದರೆ ನಾಲ್ಕರ ಹೆಸರೂ ನೆನಪಾಗುತ್ತಿಲ್ಲ.